ಅಳಿಯ ತಂದ ಪುಡಿ

ನಮ್ಮ ಬೀದರ ಸೀಮೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವುದು ಹಿಂಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಪುಟಾಣಿ ಹಿಂಡಿ. ಮುಖಕ್ಕೆ ಹಚ್ಚಿಕೊಳ್ಳುವುದು ಪೌಡರ್. ಇನ್ನು ಪುಡಿ ಅಂದರೆ ನಮ್ಮ ವಯಸ್ಸಿನವರಿಗೆ ಒಂದೇ ಅರ್ಥ: ಸೇಂದಿ ಅಂಗಡಿಯವರು ಸೇಂದಿಗೆ ಬೆರೆಸುತ್ತಿದ್ದ ಆ ಬಿಳಿ ವಸ್ತು. ಬೆಂಗಳೂರು, ಮೈಸೂರಿನವರು ಕಾಫಿಪುಡಿ, ಸಾರಿನ ಪುಡಿ, ಚಟ್ನಿಪುಡಿ ಎಂದು ಬಾಯಿತುಂಬ ಆಡುವ ಮಾತು ಅದು. ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಿಯಾದವಳು. ಪಾಠದಲ್ಲಿ ಆ ಪದ ಬಂದರೆ ಮಕ್ಕಳಿಗೆ ಗೊತ್ತಾಗದ ಹಾಗೆ ದಾಟಿಸಿ ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದೆ.

ಆ ಪದವನ್ನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡು ಒಂದು ಭಾನುವಾರ ನನ್ನ ಅಳಿಯ ಭಾಲ್ಕಿಯ ನಮ್ಮ ಮನೆಗೆ ಬಂದ. ಬರೆಯುವಾಗ ಬಂದ, ಹೋದ ಎಂದು ಏಕವಚನ ಹಾಕುತ್ತಿದ್ದೇನೆ. ಎದುರಿಗೆ ಹಾಗೆ ಕರೆಯುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಶಾಲೆಯಲ್ಲಿ ಹೆಡ್ ಮಾಸ್ತರರಿಗೇ ಬೆವರಿಳಿಸಿದವಳು ನಾನು, ಆದರೆ ಅಳಿಯ ಹೊಸ್ತಿಲು ತುಳಿದರೆ ನನ್ನ ಬಾಯಿ ಹೊಲಿದು ಹೋಗುತ್ತದೆ. ನಮ್ಮ ಮಂದಿಯಲ್ಲಿ ಅಳಿಯನ ಪದ್ಧತಿ ಅಂಥದ್ದು.

ಅವನು ಬೀದರದಲ್ಲಿರುತ್ತಾನೆ. ಹಾಲನ್ನು ಒಣಗಿಸಿ ಚೀಲಕ್ಕೆ ತುಂಬುವ ಕಾರ್ಖಾನೆಯಲ್ಲಿ ಕೆಲಸ ಕಲಿತವನು. ಇಬ್ಬರು ಗೆಳೆಯರನ್ನು ಕೂಡಿಸಿಕೊಂಡು ಏನೋ ಹೊಸದು ಮಾಡುತ್ತಿದ್ದಾನೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಏನು ಅಂತ ಬಾಯಿ ಬಿಟ್ಟಿರಲಿಲ್ಲ. ಅವತ್ತು ಇಬ್ಬರೂ ಬಂದರು. ಊಟ ಆದ ಮೇಲೆ ಅಳಿಯ ಚೀಲದಿಂದ ಒಂದು ರಟ್ಟಿನ ಡಬ್ಬಿ ತೆಗೆದ. ಅದರ ತುಂಬ ಶಾಂಪೂ ಪಾಕೀಟಿಗಿಂತ ಸ್ವಲ್ಪ ದೊಡ್ಡವು, ಹೊಳೆಯುವ ಪಾಕೀಟುಗಳು. ಮೇಲೆ ಬರೆದಿತ್ತು: ಪುಡಿ ಬಿಯರ್.

ನಾನು ಓದಿದೆ. ಮತ್ತೊಮ್ಮೆ ಓದಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಕೂಡ ಓದಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಅತ್ತಿ, ಬಿಯರಿನಾಗ ಏನಿರ್ತದ ಹೇಳ್ರಿ?" ಅಳಿಯ ಶುರು ಮಾಡಿದ. ಉತ್ತರ ನನ್ನಿಂದ ಬರುವುದಿಲ್ಲ ಅಂತ ಗೊತ್ತಿತ್ತೇನೋ, ತಾನೇ ಹೇಳಿದ. "ಬರೇ ನೀರ್ರಿ. ಲಾರಿಯವ ಎಳ್ಕೊಂಡ ಹೋಗೂದೇನು? ನೀರು, ಮತ್ತ ಗಾಜು. ಔರಾದಕ್ಕ ರೈಲಿಲ್ಲ, ರೋಡ್ ಹ್ಯಾಂಗ ಅದ ನಿಮಗ ಗೊತ್ತದ. ಬಾಟ್ಲಿ ಒಡೀತಾವ, ಖಾಲಿ ಬಾಟ್ಲಿ ಹೊಳ್ಳಿ ತರಬೇಕು. ನೀರು ಎಲ್ಲಾ ಊರಾಗೂ ಅದ ಅಲ್ರಿ? ಮತ್ತ ಅದನ್ನ ಯಾಕ ಹೊತ್ಕೊಂಡ ಹೋಗ್ಬೇಕು?"

ಹೊರದೇಶದಲ್ಲಿ ಯಾರೋ ಬಿಯರನ್ನು ಹಾಲಿನ ಹಾಗೆ ಒಣಗಿಸಿದ್ದಾರಂತೆ. ತಣ್ಣೀರಿಗೆ ಹಾಕಿ ತಿರುವಿದರೆ ನೊರೆ ಬರುತ್ತದಂತೆ. ಇವರು ಅದನ್ನೇ ಔರಾದದ ಜೋಳ ಮೊಳಕೆ ಬರಿಸಿ ಮಾಡಿದ್ದಾರೆ. ಲಾರಿಗಟ್ಟಲೆ ಮಾಲು ಒಂದು ಬಸ್ಸಿನ ಪಾರ್ಸಲ್ಲಿನಲ್ಲಿ ಹೋಗುತ್ತದೆ. ಅಳಿಯನ ಕಣ್ಣು ಹೊಳೆಯುತ್ತಿತ್ತು. ಕೆಟ್ಟ ಹುಡುಗನಲ್ಲ, ಹೊಸದು ಕಂಡರೆ ಜೀವ ಬಿಡುವವನು ಅಷ್ಟೇ.

"ನಶಾ ಅದ ಏನ್ರಿ ಇದರಾಗ?" ಎಂದೆ.

"ಬಿಲ್ಕುಲ್ ಇಲ್ರಿ ಅತ್ತಿ! ನಶಾದ್ದು ಮುಂದ ಬರ್ತದ, ಹೊರಗಿನವ್ರು ಅದಕ್ಕೂ ಕೆಲಸ ನಡಿಸ್ಯಾರ. ಇದು ಬರೇ ರುಚಿ. ಅದಕ್ಕ ಮೊದಲ ಮಾಮಾಗ ತಂದೀನಿ. ಮಾಮಾ ಐದನೇ ಶೀಲ ಎಷ್ಟ ಗಟ್ಟಿ ಹಿಡ್ದಾರ! ಅವ್ರಿಗೂ ಒಮ್ಮೆ ರುಚಿ ನೋಡ್ಬೇಕು ಅನಸ್ತದಲ್ರಿ? ಇದು ಶೀಲಕ್ಕ ಅಡ್ಡ ಬರಂಗಿಲ್ಲ."

ನಾವು ಬೌದ್ಧರು. ಭಾನುವಾರ ಬೆಳಿಗ್ಗೆ ವಿಹಾರಕ್ಕೆ ಹೋಗಿ ಎಲ್ಲರ ಜೊತೆ ಪಂಚಶೀಲ ಹೇಳುತ್ತೇವೆ. ಅಮಲಿನ ವಸ್ತುಗಳಿಂದ ದೂರ ಇರುತ್ತೇನೆ ಅನ್ನುವುದು ಐದನೆಯದು. ಮದುವೆ ಮನೆಯಲ್ಲಿ ನೆಂಟರು ಎಷ್ಟು ಜುಲುಮೆ ಮಾಡಿದರೂ ನನ್ನ ಗಂಡ ಒಂದು ಗುಟುಕು ಮುಟ್ಟಿದವರಲ್ಲ. ಅದನ್ನು ಅಳಿಯ ನೋಡಿದ್ದ, ಗೌರವದಿಂದ ನೋಡಿದ್ದ. ಆ ಶೀಲವನ್ನು ಅವರು ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದಾರೆ ಅನ್ನುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ನನ್ನ ತವರು ಔರಾದ. ನಮ್ಮ ಸಂಸಾರ ಶುರುವಾದದ್ದೂ ಅಲ್ಲೇ. ನನ್ನ ಗಂಡ ಬಜಾರಿನಲ್ಲಿ ಟೇಲರ್ ಅಂಗಡಿ ಇಟ್ಟಿದ್ದರು. ಕೈ ಅಂಥಾದ್ದು, ಅವರು ಹೊಲಿದ ಅಂಗಿ ತೊಟ್ಟರೆ ಗೂನು ಬೆನ್ನಿನವನೂ ನೆಟ್ಟಗೆ ಕಾಣುತ್ತಿದ್ದ. ಅಂಗಡಿಯಿಂದ ಸ್ವಲ್ಪ ಮುಂದೆ ಸೇಂದಿಖಾನೆ. ಮೊದಮೊದಲು ಸಂಜೆ ಒಂದು ಗ್ಲಾಸು, ದಿನವಿಡೀ ಮಶೀನು ತುಳಿದ ಕಾಲಿನ ನೋವು ಮರೆಯಲಿಕ್ಕೆ. ನಾನೂ ಏನೂ ಅನ್ನುತ್ತಿರಲಿಲ್ಲ. ಗಿಡದಿಂದ ಇಳಿದದ್ದು, ಅದರಲ್ಲೇನು ಅಂತ ಎಲ್ಲರೂ ಅನ್ನುತ್ತಿದ್ದರು. ಆದರೆ ಊರ ಸುತ್ತಲಿನ ಈಚಲು ಮರಗಳು ಕಣ್ಣೆದುರೇ ಕಡಿಮೆಯಾಗುತ್ತ ಬಂದವು, ಸೇಂದಿ ಮಾತ್ರ ಹೆಚ್ಚಾಗುತ್ತ ಹೋಯಿತು. ಹೇಗೆ ಅಂತ ನಾವು ಯಾರೂ ಕೇಳಲಿಲ್ಲ. ನೀರಿಗೆ ಸಿಹಿ ಹಾಕಿ, ಬಿಳಿ ಬಣ್ಣ ಬರಿಸಿ, ಪುಡಿ ಕದಡಿ ಕೊಡುತ್ತಿದ್ದರು. ಪುಡಿ ಅಂದರೆ ನಿದ್ದೆಯ ಔಷಧಿಯ ಜಾತಿಯದು ಅಂತ ಆಮೇಲೆ ತಿಳಿಯಿತು. ಕುಡಿಯುವವರಿಗೆ ಅದು ಗುಟ್ಟೇನೂ ಆಗಿರಲಿಲ್ಲ. "ಇವತ್ತ ಪುಡಿ ಛಲೋ ಬಿದ್ದದ" ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ನೀರು ಬರಿಯ ನೀರು. ನಶೆ ಇರುವುದು ಪುಡಿಯಲ್ಲಿ.

ಸಂಜೆಯ ಗ್ಲಾಸು ಮಧ್ಯಾಹ್ನಕ್ಕೆ ಬಂತು, ಮಧ್ಯಾಹ್ನದ್ದು ಬೆಳಿಗ್ಗೆಗೆ ಬಂತು. ಒಬ್ಬ ಮದುವೆ ಗಂಡಿನ ಪ್ಯಾಂಟಿಗೆ ಎರಡೂ ಎಡಗಾಲು ಕತ್ತರಿಸಿದರು. ಊರು ನಕ್ಕಿತು, ನಾನೂ ನಕ್ಕೆ. ಆಮೇಲೆ ಸರಕಾರ ಸೇಂದಿ ಅಂಗಡಿಗಳನ್ನು ಮುಚ್ಚಿಸಿತು. ಆಗ ಯಾರೂ ನಗಲಿಲ್ಲ. ಪುಡಿ ಸಿಗದೆ ನನ್ನ ಗಂಡನ ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುತ್ತಿತ್ತು. ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತದೆ ಎಂದು ಕೈಯಿಂದ ಒರೆಸುತ್ತ ನಿಲ್ಲುತ್ತಿದ್ದರು. ತಾವೇ ಹೊಲಿದುಕೊಂಡ ಅಂಗಿಯ ತೋಳನ್ನು ಹಲ್ಲಿನಿಂದ ಹರಿದರು. ನಮ್ಮ ಓಣಿಯಲ್ಲಿ ಅಂಥ ಗಂಡಸರು ಮನೆಮನೆಗೂ ಇದ್ದರು. ಕೆಲವರು ಗಡಿ ದಾಟಿ ಹೋಗಿ ಕುಡಿದು ಬಂದರು, ಕೆಲವರು ಹೋದವರು ಬರಲೇ ಇಲ್ಲ.

ನಾನು ವರ್ಗ ಮಾಡಿಸಿಕೊಂಡು ಗಂಡನನ್ನು, ಮಗಳನ್ನು ಕಟ್ಟಿಕೊಂಡು ಭಾಲ್ಕಿಗೆ ಬಂದೆ. ಅವರು ಮನೆಗೆ ಬಂದ ಕೂಡಲೇ ಬಾಯಿ ಮೂಸುತ್ತಿದ್ದೆ. ನಾಚಿಕೆ ಬಿಟ್ಟು ಮೂಸುತ್ತಿದ್ದೆ. ಸೈಕಲ್ಲಿನ ಚೀಲದಲ್ಲಿ ಏನಾದರೂ ಸದ್ದಾಯಿತೆ ಅಂತ ಕಿವಿ ಕೊಟ್ಟು ಕೂರುತ್ತಿದ್ದೆ. ವಿಹಾರದ ಹಿರಿಯರೊಬ್ಬರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಭಾನುವಾರ ಶೀಲ ಹೇಳಿಸಿದರು. ಐದನೆಯದನ್ನು ಹೇಳುವಾಗ ನನ್ನ ಗಂಡನ ದನಿ ಎಲ್ಲರಿಗಿಂತ ಜೋರಾಗಿರುತ್ತಿತ್ತು. ಕೈ ನಡುಗುವುದು ನಿಲ್ಲಲಿಕ್ಕೆ ಬಹಳ ಕಾಲ ಹಿಡಿಯಿತು. ಮತ್ತೆ ನೆಟ್ಟಗೆ ಒಂದು ಹೊಲಿಗೆ ಹಾಕಿದ ದಿನ ಆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಮಗುವಿನ ಹಾಗೆ ಅತ್ತರು. ನಾನೂ ಅತ್ತೆ.

ಮಗಳಿಗೆ ಇದೆಲ್ಲ ಗೊತ್ತು. ಅವಳಿಗೆ ಸಂಬಂಧ ಬಂದಾಗ ಹುಡುಗನ ಮನೆಯವರಿಗೆ ಹೇಳಿಬಿಡೋಣ ಅಂತ ನಾನು ಅಂದೆ. ಅವಳು ಕೇಳಲಿಲ್ಲ. "ಮುಗದ ಮಾತು ಯಾಕ ತಗೀತಿ ಅವ್ವಾ? ಅಪ್ಪ ಈಗ ಹ್ಯಾಂಗ ಅದಾನ ಅದನ್ನ ನೋಡ್ಲಿ. ನನ್ನ ಆಣಿ ಅದ ನಿನಗ" ಎಂದಳು. ಮಗಳ ಆಣೆ, ಮತ್ತೆ ಮದುವೆಯಾಗಿ ಬಾಳುವವಳು ಅವಳು. ನಾನು ಸುಮ್ಮನಾದೆ.

ಹೀಗಾಗಿ ಆ ಭಾನುವಾರ ಅಳಿಯ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ನೀರು ತೆಗೆದು, ಸ್ಟೀಲ್ ಗ್ಲಾಸಿಗೆ ಪಾಕೀಟು ಸುರಿದು, ಚಮಚೆಯಿಂದ ತಿರುವಿದಾಗ ನಾನು ಗೋಡೆ ಹಿಡಿದು ನಿಂತಿದ್ದೆ. ನೊರೆ ಮೇಲೆ ಬಂತು. ನೆನೆಸಿ ಮೊಳಕೆ ಕಟ್ಟಿದ ಜೋಳದ ವಾಸನೆ, ಸ್ವಲ್ಪ ಹುಳಿ. ಅಳಿಯ ಅದನ್ನು ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದೆ ಬಗ್ಗಿದ.

"ಅವ್ರಿಗೆ ಬ್ಯಾಡ್ರಿ, ಹೊಟ್ಟಿ ಸರಿ ಇಲ್ಲ" ಎಂದೆ. ಮಗಳು ನನ್ನನ್ನು ದುರುಗುಟ್ಟಿ ನೋಡಿದಳು.

"ಜೋಳದ್ದು ಅದರಿ ಅತ್ತಿ, ಹೊಟ್ಟಿಗೆ ಛಲೋ" ಎಂದು ಅಳಿಯ ನಕ್ಕ.

ಅಳಿಯ ಎರಡು ಕೈಯಲ್ಲಿ ಕೊಟ್ಟದ್ದನ್ನು ಬೇಡ ಅನ್ನುವುದು ನಮ್ಮಲ್ಲಿ ಕಪಾಳಕ್ಕೆ ಹೊಡೆದ ಹಾಗೆ. ನನ್ನ ಗಂಡ ಗ್ಲಾಸು ತೆಗೆದುಕೊಂಡರು. ಎಲ್ಲರೂ ಬಿಯರನ್ನು ಗುಟುಕು ಗುಟುಕಾಗಿ ಕುಡಿಯುತ್ತಾರೆ ಅಂತ ಕೇಳಿದ್ದೇನೆ. ಇವರು ಸೇಂದಿ ಕುಡಿಯುತ್ತಿದ್ದ ಹಾಗೆ ಕತ್ತು ಮೇಲೆತ್ತಿ, ಉಸಿರು ತೆಗೆಯದೆ, ಕಡೆಯ ಹನಿಯವರೆಗೂ ಇಳಿಸಿದರು. "ಛಲೋ ಅದ" ಎಂದರು. ಆಮೇಲೆ ಖಾಲಿ ಗ್ಲಾಸಿನ ತಳ ನೋಡುತ್ತ ಕೂತರು. ಅಳಿಯನಿಗೆ ಸಂತೋಷವೋ ಸಂತೋಷ. ಡಬ್ಬಿಯನ್ನು ಅಲ್ಲೇ ಬಿಟ್ಟು, "ದಿನಾ ರುಚಿ ನೋಡಿ ನನಗ ಹೇಳ್ರಿ ಮಾಮಾ, ನಿಮ್ಮ ನಾಲಗಿ ಮ್ಯಾಲ ನನ್ನ ಧಂದೆ ನಿಂತದ" ಎಂದು ಹೇಳಿ ಹೋದ.

ಅವರು ದಿನಾ ರುಚಿ ನೋಡಿದರು. ಮಧ್ಯಾಹ್ನ ತಮ್ಮ ಹೊಲಿಗೆ ಅಂಗಡಿಯಿಂದ ಊಟಕ್ಕೆ ಬಂದಾಗ ಒಂದು ಪಾಕೀಟು, ಒಂದು ಗ್ಲಾಸು ನೀರು. ಆಮೇಲೆ ಅದೇ ಗ್ಲಾಸಿಗೆ ಎರಡು ಪಾಕೀಟು. ಆಮೇಲೆ ನೀರು ಅರ್ಧಕ್ಕೆ ಇಳಿಯಿತು. ಕಡೆಗೆ ಅದು ಕುಡಿಯುವ ವಸ್ತುವೇ ಆಗಿರಲಿಲ್ಲ, ಭಜಿಗೆ ಕಲಸಿದ ಹಿಟ್ಟಿನ ಹದಕ್ಕೆ ಬಂದಿತ್ತು. ಚಮಚೆಯಿಂದ ಬಳಿದು ತಿನ್ನುತ್ತಿದ್ದರು.

"ಏನ್ ಮಾಡ್ಲಿಕತ್ತೀರಿ?" ಎಂದು ಒಂದು ದಿನ ಸಿಟ್ಟು ತಡೆಯದೆ ಕೇಳಿದೆ. "ಎಷ್ಟ ಹಾಕಿದ್ರೂ ಅದರಾಗ ನಶಾ ಎಲ್ಲಿಂದ ಬರ್ಬೇಕು? ಇಲ್ಲಂತ ಅವ್ರೇ ಹೇಳ್ಯಾರಲ್ಲ?"

"ನಶಾ ಯಾರ ಕೇಳ್ಯಾರ? ರುಚಿ ನೋಡ್ಲಿಕತ್ತೀನಿ."

"ಇದು ರುಚಿ ನೋಡೂ ಪರಿಯೇನು? ಗಚ್ಚು ಕಲಸಿದಂಗ ಕಲಸಿ?"

"ಅಳಿಯಂದಿರು ಹೇಳ್ಯಾರ" ಎಂದರು. ಅದು ಅವರಿಗೆ ಸಿಕ್ಕ ಒಳ್ಳೆಯ ಗೋಡೆ. ನಾನು ಅದನ್ನು ದಾಟುವ ಹಾಗಿರಲಿಲ್ಲ. ಡಬ್ಬಿಯನ್ನು ಜೋಳದ ಪೀಪಾಯಿಯ ಹಿಂದೆ ಬಚ್ಚಿಟ್ಟೆ. ಹುಡುಕಿ ತೆಗೆದರು. ತೆಗೆದದ್ದನ್ನು ನನಗೆ ಹೇಳಲೂ ಇಲ್ಲ. ಅದು ನನಗೆ ಹೆಚ್ಚು ಹೆದರಿಕೆ ತಂದಿತು. ಹಾಗೆ ಹುಡುಕುವ ಮನುಷ್ಯನನ್ನು ನಾನು ಬಲ್ಲೆ, ಅವನನ್ನು ಔರಾದದಲ್ಲೇ ಬಿಟ್ಟು ಬಂದಿದ್ದೇವೆ ಅಂದುಕೊಂಡಿದ್ದೆ.

ಮಗಳಿಗೆ ಫೋನ್ ಹಚ್ಚಿದೆ. "ಅವ್ವಾ, ಅದು ಒಣಗಿಸಿದ ಅಂಬಲಿ ಇದ್ದಂಗ ಅದ. ನೀ ಸುಮ್ ಸುಮ್ನ ಹೆದರ್ತಿ. ನಮ್ಮವ್ರಿಗೆ ಮಾತ್ರ ಏನೂ ಹೇಳಬ್ಯಾಡ, ಈಗ ಭಾಳ ಓಡಾಟದಾಗ ಅದಾರ" ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಅದರಲ್ಲಿ ಏನೂ ಇರಲಿಲ್ಲ. ನಾನೇ ಒಂದು ಪಾಕೀಟು ಕದಡಿ ಕುಡಿದು ನೋಡಿದ್ದೆ, ಹುಳಿ ಬಿಟ್ಟರೆ ಬೇರೇನೂ ಗೊತ್ತಾಗಲಿಲ್ಲ. ಆದರೆ ನನ್ನ ಗಂಡ ಪ್ರತಿದಿನ ಆ ಚಮಚೆ ನೆಕ್ಕಿ ಕಣ್ಣು ಮುಚ್ಚಿ ಏನನ್ನೋ ಕಾಯುತ್ತಿದ್ದರು. ಅದು ಬರುವುದಿಲ್ಲ ಅಂತ ಗೊತ್ತಾದಾಗ ಅವರ ಮುಖ ಇಳಿದು ಹೋಗುತ್ತಿತ್ತು. ಆ ಮುಖವನ್ನು ಮಗಳು ನೋಡಿರಲಿಲ್ಲ.

ಮುಂದಿನ ಭಾನುವಾರ ವಿಹಾರದಲ್ಲಿ ಎಂದಿನಂತೆ ಪಕ್ಕಪಕ್ಕದಲ್ಲಿ ಕೂತೆವು. ಒಂದನೆಯ ಶೀಲ, ಎರಡನೆಯದು, ಮೂರನೆಯದು, ನಾಲ್ಕನೆಯದು ಎಲ್ಲರ ಜೊತೆ ಹೇಳಿದರು. ಐದನೆಯದು ಬಂದಾಗ ಅವರ ದನಿ ಕೇಳಲಿಲ್ಲ. ತಿರುಗಿ ನೋಡಿದೆ. ಕೈ ಮುಗಿದೇ ಇತ್ತು, ತುಟಿ ಮುಚ್ಚಿತ್ತು. ಎಲ್ಲರೂ ಹೇಳಿ ಮುಗಿಸುವವರೆಗೆ ನೆಲ ನೋಡುತ್ತ ಕೂತಿದ್ದರು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ, "ಯಾಕ್ರಿ ಸುಮ್ನಾದ್ರಿ?" ಎಂದೆ.

"ಗಂಟಲ ಹಿಡೀತು."

ನನ್ನ ಗಂಡ ವಿಹಾರದ ಒಳಗೆ ಸುಳ್ಳು ಹೇಳುವವರಲ್ಲ. ಹೊರಗೆ ಬಂದರೆ ಹೇಳುತ್ತಾರೆ. ಕುಡಿದದ್ದರಲ್ಲಿ ಅಮಲಿಲ್ಲ, ಆದರೂ ಆ ಮಾತು ಹೇಳುವ ಹಕ್ಕು ತನಗಿಲ್ಲ ಅಂತ ಅವರಿಗೇ ಅನಿಸಿತ್ತು. ನನಗೆ ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಕನಿಕರ ಬಂತು.

ಸೋಯಾ ರಾಶಿ ಮುಗಿದು ತೊಗರಿ ಹೂ ಬಿಡುವ ಹೊತ್ತಿಗೆ ಅಳಿಯನ ಮಾಲು ಅಂಗಡಿಗೆ ಹೋಗಲು ತಯಾರಾಯಿತು. ಮೊದಲು ಔರಾದದಲ್ಲಿ, ಸಂತೆಯ ದಿನ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಕೂಲ್ ಡ್ರಿಂಕ್ಸ್ ಅಂಗಡಿಯ ಮುಂದೆ ಎಲ್ಲರಿಗೂ ಪುಕ್ಕಟೆ ಹಂಚುವುದು ಅಂತ ಠರಾವು. "ಮಾಮಾ ಅತ್ತಿ ಬರಲೇಬೇಕು, ನಿಮ್ಮ ಊರು" ಎಂದು ಕಾರು ತಂದು ನಿಲ್ಲಿಸಿದ. ಠಾಣಾ ಕುಶನೂರ ದಾಟುವವರೆಗೆ ನಾನು ಬಾಯಿ ಬಿಗಿ ಹಿಡಿದು ಕೂತಿದ್ದೆ. ಆಮೇಲೆ ತಡೆಯಲಾಗಲಿಲ್ಲ.

"ಆ ಹೆಸರೊಂದು ಬದಲ ಮಾಡ್ರಿ. ಪುಡಿ ಅಂತ ಬ್ಯಾಡ."

"ಯಾಕ್ರಿ ಅತ್ತಿ? ಬೆಂಗಳೂರಿನವ್ರ ಕಡಿಂದ ಬರೆಸೀನಿ. ಅಚ್ಚ ಕನ್ನಡ ಅದ, ಮನಿಮಾತಿನಂಗ ಕೇಳಸ್ತದ ಅಂದ್ರು. ನೀವು ಕನ್ನಡದ ಟೀಚರ್, ನಿಮಗ ಖುಷಿ ಆಗ್ತದ ಅಂದ್ಕೊಂಡಿದ್ದೆ."

ಏನು ಹೇಳಲಿ? ಮುಂದಿನ ಸೀಟಿನಿಂದ ಮಗಳು ತಿರುಗಿ ನನ್ನನ್ನೇ ನೋಡುತ್ತಿದ್ದಳು. "ಕೇಳ್ಲಿಕ್ಕೆ ಸರಿ ಆಗಂಗಿಲ್ಲ" ಎಂದಷ್ಟೇ ಅಂದೆ. ನನ್ನ ಗಂಡ ಕಿಟಕಿಯಾಚೆ ತೊಗರಿ ಹೊಲ ನೋಡುತ್ತಿದ್ದರು.

ಅಂಗಡಿಯ ಮುಂದೆ ಬ್ಯಾನರು ಕಟ್ಟಿದ್ದರು. ಅಳಿಯನ ಗೆಳೆಯ ಮೈಕು ಹಿಡಿದು, "ಪುಡಿ ಬಂದದ, ಪುಡಿ ಬಂದದ! ಬರ್ರಿ, ಪುಕ್ಕಟೆ ಅದ" ಎಂದು ಕೂಗುತ್ತಿದ್ದ. ಮೊದಲು ಕಾಲೇಜಿನ ಹುಡುಗರು ಬಂದರು, ನೊರೆಯ ಫೋಟೋ ತೆಗೆದರು, ಕುಡಿದರು, ಮುಖ ಹುಳ್ಳಗೆ ಮಾಡಿ ನಕ್ಕು ಹೋದರು. ಅವರು ಹೋದ ಮೇಲೆ ಬೇರೆಯವರು ಬರತೊಡಗಿದರು.

ಮುದುಕರು. ಒಬ್ಬೊಬ್ಬರಾಗಿ, ಸಂತೆಯ ಬೇರೆ ಬೇರೆ ಮೂಲೆಗಳಿಂದ. ಹತ್ತಿರ ಬರದೆ ಎದುರಿನ ಚಹಾದಂಗಡಿಯ ಗೋಡೆಗೆ ಒರಗಿ ನಿಂತರು. ಅವರು ಗ್ಲಾಸಿನ ಕಡೆ ನೋಡುತ್ತಿರಲಿಲ್ಲ, ಪಾಕೀಟಿನ ಕಡೆ ನೋಡುತ್ತಿದ್ದರು. ಕೆಲವರ ಕೈ ಆಗಲೇ ನಡುಗುತ್ತಿತ್ತು. ವಯಸ್ಸಿಗೋ, ಹಳೆಯದಕ್ಕೋ, ನಾನು ಹೇಳಲಾರೆ. ನನಗೆ ಬಹುತೇಕ ಎಲ್ಲರ ಗುರುತೂ ಸಿಕ್ಕಿತು. ಹಿಂದೆ ಸೇಂದಿಖಾನೆಯ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದವರಲ್ಲಿ ಉಳಿದವರು ಇವರು.

"ನೋಡ್ರಿ ಅತ್ತಿ, ಹಿರೇರಿಗೂ ಎಷ್ಟ ಆಸಕ್ತಿ ಅದ!" ಎಂದು ಅಳಿಯ ನನ್ನ ಕಿವಿಯಲ್ಲಿ ಹೇಳಿದ. ನನಗೆ ಅವನನ್ನು ಕಂಡು ಅಳು ಬಂತು.

ಅವರಲ್ಲೊಬ್ಬ ಮುಂದೆ ಬಂದ. ನನ್ನ ಗಂಡ ವರ್ಷಾನುಗಟ್ಟಲೆ ಅವನಿಗೆ ಅಂಗಿ ಹೊಲಿದುಕೊಟ್ಟಿದ್ದರು. ಮುಂದಿಟ್ಟ ಗ್ಲಾಸನ್ನು ಸರಿಸಿ ಒಂದು ಪಾಕೀಟು ಎತ್ತಿಕೊಂಡ, ಹಲ್ಲಿನಿಂದ ಹರಿದ, ಒಣ ಪುಡಿಯನ್ನು ಹಾಗೇ ನಾಲಗೆಯ ಮೇಲೆ ಸುರಿದುಕೊಂಡ. ಕಣ್ಣು ಮುಚ್ಚಿ ನಿಂತ. ಗೋಡೆಗೆ ಒರಗಿದವರೆಲ್ಲ ಅವನ ಮುಖವನ್ನೇ ನೋಡುತ್ತ ನಿಂತರು.

ಅಷ್ಟರಲ್ಲಿ ಒಂದು ಚಪ್ಪಲಿ ಬಂದು ಬ್ಯಾನರಿಗೆ ಬಿತ್ತು. ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತ ಕೂತಿದ್ದ ಹೆಂಗಸು ಎದ್ದು ಬಂದಿದ್ದಳು. ಅವಳ ಗಂಡ, ಅಂಗಡಿ ಮುಚ್ಚಿದ ದಿನಗಳಲ್ಲಿ, ಬೀಗ ಹಾಕಿದ ಆ ಸೇಂದಿಖಾನೆಯ ಬಾಗಿಲ ಮುಂದೆಯೇ ಸತ್ತವನು. "ಮತ್ತ ಶುರು ಮಾಡಿದ್ರೇನೋ ಹಾಟ್ಯಾಗೋಳ್ರ್ಯಾ? ಮೈಕ್ ಹಚ್ಚಿ ಕರೀತೀರಿ? ನಮ್ಮನ್ಯಾಗ ಇನ್ನ ಯಾರ ಉಳದಾರ ಅಂತ ಕರೀತೀರಿ?" ಎಂದು ಕಿರುಚಿದಳು. ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು. ದನಿ ಒಮ್ಮೆಲೇ ಇಳಿಯಿತು.

"ಅಕ್ಕೋರ, ನೀವೂ ಇದರಾಗ ಅದೀರೇನ್ರಿ?"

ಅವಳ ಮಗಳಿಗೆ ನಾನು ಅಕ್ಷರ ಕಲಿಸಿದ್ದೆ. ನನ್ನ ಕೈಯಲ್ಲಿ ಹಂಚಲು ಕೊಟ್ಟಿದ್ದ ಪಾಕೀಟುಗಳು ಇದ್ದವು. ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಹಿಡಿದುಕೊಂಡೇ ನಿಂತೆ. ಅಳಿಯ ಬೆಪ್ಪಾಗಿದ್ದ. "ಬಾಯಿ, ಇದರಾಗ ನಶಾ ಇಲ್ರಿ, ತಪ್ಪ ತಿಳ್ಕೋಬ್ಯಾಡ್ರಿ" ಎನ್ನುತ್ತಿದ್ದ. ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಕಣ್ಣು ಮುಚ್ಚಿದ್ದ ಮುದುಕ ಆಗ ಕಣ್ಣು ತೆರೆದ. ಅಳಿಯನನ್ನು ಬಿಟ್ಟು ನನ್ನ ಗಂಡನ ಕಡೆ ತಿರುಗಿದ.

"ಟೇಲರ್, ಏನೂ ಏರವಲ್ದಲ್ಲೋ. ನಿನಗರೇ ಏರ್ತೇನು?"

ಅಳಿಯ ಮಾವನ ಕಡೆ ನೋಡಿದ. ಮಗಳು ಅಪ್ಪನ ತೋಳು ಹಿಡಿದಳು. ನನಗೇನು ಗೊತ್ತು ಮಾರಾಯ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಾಗೆ ಅನ್ನಲಿ ಅಂತ ನಾನೂ ಮನಸ್ಸಿನಲ್ಲಿ ಕೈ ಮುಗಿದೆ.

"ಇಲ್ಲಪಾ" ಎಂದರು ನನ್ನ ಗಂಡ. "ನಾಕ ಪಾಕೀಟ ಒಮ್ಮೆಲೇ ಹಾಕಿ ನೋಡೀನಿ. ನೀರು ಬಿಟ್ಟು ನೋಡೀನಿ. ಏರ್ಲಿ ಏರ್ಲಿ ಅಂತ ಬೇಡ್ಕೊಂಡ ತಿಂದೀನಿ. ಏರಂಗಿಲ್ಲ. ನೀವೆಲ್ಲಾ ಮನಿಗಿ ಹೋಗ್ರಿ."

ಮುದುಕರು ಸ್ವಲ್ಪ ಹೊತ್ತು ನಿಂತು, ಬಂದ ಹಾಗೇ ಒಬ್ಬೊಬ್ಬರಾಗಿ ಹೋದರು. ಆಮೇಲೆ ನನ್ನ ಗಂಡ ಅಳಿಯನಿಗೆ ಹೇಳಿದರು, ಅದೇ ದನಿಯಲ್ಲಿ, ಮರ್ಯಾದೆ ಬಿಡದೆ: "ಅಳಿಯಂದಿರ್ರ, ನೀವು ನನಗ ಶೀಲದವ ಅಂತ ತಿಳ್ಕೊಂಡೀರಿ. ನಾ ಪುಡಿಯವ ಅದೀನ್ರಿ."

ಬ್ಯಾನರನ್ನು ಅಳಿಯ ತಾನೇ ಬಿಚ್ಚಿದ. ವಾಪಸು ಬರುವಾಗ ಕಾರು ಭಾಲ್ಕಿ ಹತ್ತಿರ ಬಂದಾಗ, "ನನಗ್ಯಾಕ ಯಾರೂ ಹೇಳಲಿಲ್ರಿ ಅತ್ತಿ?" ಎಂದ. ಮಗಳು ನನಗಿಂತ ಮೊದಲೇ, "ನಾನ ಬ್ಯಾಡ ಅಂದಿದ್ದೆ" ಎಂದಳು. ಅವನು ಅವಳ ಮೇಲೆ ರೇಗಲಿಲ್ಲ. ನಮ್ಮ ಮನೆಯೊಳಗೆ ಬಂದು ಮೂಲೆಮೂಲೆ ಹುಡುಕಿ ಉಳಿದ ಪಾಕೀಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡ. ಹೋಗುವಾಗ ಮಾವನ ಕಾಲು ಮುಟ್ಟಿದ. ಆ ಗಳಿಗೆಯಲ್ಲಿ ನನಗೆ ಅವನ ಮೇಲೆ ಇದ್ದ ಸಿಟ್ಟೆಲ್ಲ ಇಳಿಯಿತು.

ಸಿಟ್ಟು ಇಳಿಯಿತು, ಚಿಂತೆ ಇಳಿಯಲಿಲ್ಲ. ಕೆಲವು ವಾರಗಳ ಮೇಲೆ ಅವನೇ ಫೋನ್ ಮಾಡಿದ. ಹೆಸರು ಬದಲಾಯಿಸಿದ್ದಾರಂತೆ, ಈಗ ಏನೋ ಇಂಗ್ಲಿಷ್ ಹೆಸರು. ಔರಾದ ಬಿಟ್ಟು ಬೇರೆ ಕಡೆ ಮಾರುತ್ತಾರಂತೆ. "ಆ ನಶಾದ್ದು?" ಎಂದು ಕೇಳಿದೆ. "ನಾ ಮಾಡಂಗಿಲ್ರಿ ಅತ್ತಿ. ಆದ್ರ ಬರೂದು ಬರ್ತದ. ಇವತ್ತಿಲ್ಲ ನಾಳಿ ಯಾರರೇ ಮಾಡ್ತಾರ" ಎಂದ. ಸುಳ್ಳು ಸಮಾಧಾನ ಹೇಳಲಿಲ್ಲ, ಅದಕ್ಕೆ ಅವನನ್ನು ಮೆಚ್ಚಿದೆ. ಫೋನಿಟ್ಟ ಮೇಲೆ ಅವನಂದದ್ದನ್ನು ಗಂಡನಿಗೆ ಹೇಳಿದೆ. ಅವರಿಂದ ಮುಚ್ಚಿಡುವುದರಲ್ಲಿ ಇನ್ನು ಅರ್ಥವಿರಲಿಲ್ಲ.

ಅವರು ಮಶೀನಿನ ಮುಂದೆ ಕೂತು ಯಾರದೋ ಬ್ಲೌಸಿಗೆ ಅಂಚು ಹಚ್ಚುತ್ತಿದ್ದರು. ತುಳಿಯುವುದನ್ನು ನಿಲ್ಲಿಸಿದರು.

"ಬಾಟ್ಲಿ ಇದ್ರ ಸಪ್ಪಳ ಆಗ್ತಿತ್ತು, ನೀ ಹಿಡೀತಿದ್ದಿ. ಶಿಂದಿ ಇದ್ರ ನಾತ ಬರ್ತಿತ್ತು, ಹಿಡೀತಿದ್ದಿ. ಇದಕ್ಕ ಸಪ್ಪಳಿಲ್ಲ, ನಾತಿಲ್ಲ, ಮುಷ್ಟಿಯಾಗ ಹಿಡಸ್ತದ. ಇದು ಬಂದ್ರ ನೀ ಹ್ಯಾಂಗ ಕಾಯ್ತಿ?" ಎಂದರು. "ನಾನ ಕಾಯಬೇಕು. ನನ್ನ ಕೈಲೆ ಆಗ್ತದಂತ ಅನಸ್ತದೇನ ನಿನಗ?"

"ಆಗ್ತದ್ರಿ. ಯಾಕ ಆಗಂಗಿಲ್ಲ?" ಎಂದೆ.

ಬಹಳ ಬೇಗ ಅಂದುಬಿಟ್ಟೆ. ಅವರು ನನ್ನ ಮುಖ ನೋಡಿ ಸಣ್ಣಗೆ ನಕ್ಕರು, ಬಿಗಿಯಾದ ಅಂಗಿ ತೊಟ್ಟುಕೊಂಡು ಸರಿಯಾಗಿದೆ ಅನ್ನುವ ಗಿರಾಕಿಯನ್ನು ನೋಡಿ ನಗುವ ಹಾಗೆ. ಮತ್ತೆ ಮಶೀನು ತುಳಿಯತೊಡಗಿದರು.

ಮರುದಿನ ಸಂಜೆ ಅಂಗಡಿಯಿಂದ ಬಂದವರು ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಂತು ಅಂಗಿಯ ಜೇಬಿನೊಳಗೆ ಬೆರಳು ಹಾಕಿ ಒಳಬಟ್ಟೆಯನ್ನು ಹೊರಗೆ ಎಳೆದರು. ನಾನು ಕೇಳಿರಲಿಲ್ಲ. ಜೇಬಿನಿಂದ ಬಿಳಿ ಪುಡಿ ಉದುರಿ ನೆಲದ ಮೇಲೆ ಬಿತ್ತು.

ಅವರು ದರ್ಜಿ. ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ ದಿನವಿಡೀ ಆ ಜೇಬಿನಲ್ಲೇ ಇರುತ್ತದೆ. ಇಷ್ಟು ವರ್ಷ ಅವರ ಅಂಗಿ ಒಗೆದವಳು ನಾನು, ನನಗೆ ಅದು ಗೊತ್ತಿಲ್ಲದ್ದಲ್ಲ. ಆದರೂ ಬಗ್ಗಿದೆ. ಬೆರಳಿಗೆ ಹಚ್ಚಿಕೊಂಡು ನಾಲಗೆಗೆ ಇಟ್ಟು ನೋಡಿದೆ. ಸುಣ್ಣವೇ.

ಎದ್ದಾಗ ಅವರು ನನ್ನನ್ನೇ ನೋಡುತ್ತಿದ್ದರು. ನನಗೆ ನೆಲ ಬಾಯಿಬಿಡಬಾರದೆ ಅನಿಸಿತು. ಅವರಿಗೆ ಸಿಟ್ಟು ಬಂದಿರಲಿಲ್ಲ.

"ದಿನಾ ನೋಡು" ಎಂದರು.

ದಿನಾ ನೋಡುತ್ತೇನೆ.